ಅವಳಿಲ್ಲದ ಮಳೆಗಾಲದಲ್ಲಿ ಡೇರೆ ಬೆಳೆಸಿದ ಲೆಕ್ಕ

ಮಗಳ ಬಾಣಂತನಕ್ಕೆ ಅಂತ ನಮ್ಮನೆಯವಳು ಮೇ 18ಕ್ಕೆ ಬೆಂಗಳೂರಿಗೆ ಹೋದಳು. ಹೋಗುವ ಮುಂಚೆ ಮೂರು ಕೆಲಸ ಹೇಳಿದಳು. ಬೆಕ್ಕಿಗೆ ಹಾಲು ಹಾಕಬೇಕು. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಬಾರದು. ಮಳೆ ಹಿಡಿದ ಕೂಡಲೇ ಡೇರೆ ಹೂವಿನ ಗಡ್ಡೆ ನೆಡಬೇಕು, ಚೌತಿಗೆ ಹೂವಾಗಬೇಕು. ಮೊದಲ ಎರಡರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಉಪ್ಪಿನಕಾಯಿ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ.

ನಮ್ಮದು ಶಿರಸಿಯಿಂದ ಸೋಂದಾ ಕಡೆಗೆ ಹೋಗುವಾಗ ಸಿಗುವ ಹಳ್ಳಿ. ಇಲ್ಲಿ ಡೇರೆ ಅಂದರೆ ಹೆಂಗಸರ ಖಾತೆ. ಪೇಟೆಯವರು ಡೇಲಿಯಾ ಅನ್ನುತ್ತಾರೆ. ಮಳೆಗಾಲದಲ್ಲಿ ಯಾವ ಮನೆಯ ಅಂಗಳಕ್ಕೆ ಹೋದರೂ ಗೊಬ್ಬರದ ಚೀಲದಲ್ಲಿ ನಾಲ್ಕು ಡೇರೆ ಇದ್ದೇ ಇರುತ್ತವೆ. ಬಂದವರು ಕಾಲು ತೊಳೆಯುವ ಮೊದಲೇ "ಈ ಬಣ್ಣ ನಮ್ಮನೇಲಿಲ್ಲ" ಅನ್ನುತ್ತಾರೆ, ಹೋಗುವಾಗ ಕೈಯಲ್ಲಿ ಒಂದು ಕುಡಿ ಹಿಡಿದಿರುತ್ತಾರೆ. ನಾನು 34 ವರ್ಷ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು, ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಗಡ್ಡೆ ನೆಡುವುದು ಏನು ಮಹಾ ಅಂದುಕೊಂಡಿದ್ದೆ. ನಾಲ್ಕು ತಿಂಗಳಲ್ಲಿ ಆದದ್ದನ್ನು ತಾರೀಖಿನ ಪ್ರಕಾರ ಬರೆದಿಟ್ಟಿದ್ದೇನೆ. ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಗಳು ಕೊನೆಗೂ ಉಪಯೋಗಕ್ಕೆ ಬಂದವು.

ಮೇ 21: ಬಕೆಟ್ ಇಳಿಸಿದ್ದು

ಅಟ್ಟದಿಂದ ಬಕೆಟ್ ಇಳಿಸಿದೆ. ಒಣ ಬೂದಿಯೊಳಗೆ 9 ಗಡ್ಡೆಗೊಂಚಲು. ಒಂದೊಂದಕ್ಕೂ ಬಟ್ಟೆ ಚೂರು ಕಟ್ಟಿ ಹೆಸರು ಬರೆದಿದ್ದಾಳೆ. ಹೆಸರು ಅಂದರೆ ಬಣ್ಣದ್ದಲ್ಲ, ಕೊಟ್ಟವರದ್ದು. "ಸಾಗರದ ಅಕ್ಕ", "ಯಲ್ಲಾಪುರ ಮದುವೆಮನೆ", "ಡಾಕ್ಟರ ಹೆಂಡತಿ". ಒಂದರ ಮೇಲೆ "ಆಯಿ" ಅಂತ ಇತ್ತು. ಅದು ನನ್ನ ತಾಯಿ ಬೆಳೆಸುತ್ತಿದ್ದ ಕಿತ್ತಳೆ ಬಣ್ಣದ್ದು, ಊಟದ ತಟ್ಟೆಯಷ್ಟು ದೊಡ್ಡ ಹೂವು. ಆಯಿ ಹೋಗಿ 11 ವರ್ಷ ಆಯಿತು. ಅದರ ಗಡ್ಡೆಯನ್ನು ಇವಳು ಪ್ರತಿ ವರ್ಷ ತೆಗೆದು ಇಡುತ್ತಾಳೆ ಅನ್ನುವುದು ನನಗೆ ಆ ಬಟ್ಟೆ ಚೂರು ನೋಡುವ ತನಕ ಗೊತ್ತಿರಲಿಲ್ಲ.

ಸಲಕರಣೆ: ಚಾಕು, ಬೂದಿ, ಹಳೇ ಪೇಪರ್. ಗೊಂಚಲು ಬಿಡಿಸಿದರೆ ಗಿಡ ಜಾಸ್ತಿ ಆಗುತ್ತದೆ ಅಂತ ಎಲ್ಲವನ್ನೂ ಬಿಡಿಸಿದೆ. 31 ತುಂಡಾಯಿತು. ಖುಷಿಯಿಂದ ಫೋಟೋ ತೆಗೆದು ಅವಳಿಗೆ ಕಳಿಸಿದೆ.

ಎರಡೇ ನಿಮಿಷಕ್ಕೆ ವೀಡಿಯೋ ಕಾಲ್ ಬಂತು. "ಕಣ್ಣು ನೋಡಿ ಕೊಯ್ದ್ರೋ, ಸುಮ್ನೆ ಕೊಯ್ದ್ರೋ?"

ತಪ್ಪು ಒಂದು. ಬಟಾಟೆಗೆ ಮೈ ತುಂಬಾ ಕಣ್ಣಿರುತ್ತದೆ, ತುಂಡಿಗೊಂದು ಕಣ್ಣು ಬಂದರೆ ಎಲ್ಲಿ ಕೊಯ್ದರೂ ನಡೆಯುತ್ತದೆ. ಡೇರೆ ಹಾಗಲ್ಲ. ಗಡ್ಡೆಯ ಮೈಯಲ್ಲಿ ಒಂದೂ ಕಣ್ಣಿಲ್ಲ. ಹಳೇ ಕಾಂಡದ ಬುಡದಲ್ಲಿ, ಗಡ್ಡೆಯ ಕುತ್ತಿಗೆ ಕೂಡುವ ಜಾಗದಲ್ಲಿ ಎಳ್ಳಿನಷ್ಟು ಉಬ್ಬು ಇರುತ್ತದೆ. ಸ್ವಲ್ಪ ಗುಲಾಬಿ ಬಣ್ಣ. ಅದೇ ಕಣ್ಣು. ಕೊಯ್ಯುವಾಗ ಗಡ್ಡೆಯ ಜೊತೆ ಬುಡದ ಆ ಚೂರೂ ಬರಬೇಕು. ಬರಲಿಲ್ಲ ಅಂದರೆ, ಅಥವಾ ಕುತ್ತಿಗೆ ಮುರಿಯಿತು ಅಂದರೆ, ಗಡ್ಡೆ ಎಷ್ಟು ದಪ್ಪ ಇದ್ದರೂ ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತದೆ, ಚಿಗುರುವುದಿಲ್ಲ. ಇವಳ ಭಾಷೆಯಲ್ಲಿ ಅದು "ಕುರುಡು ಗಡ್ಡೆ".

ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ. 31ರಲ್ಲಿ 12 ಕುರುಡು. ತೂಕಕ್ಕೆ ನೋಡಿದರೆ ಅವೇ ಒಳ್ಳೇ ಗಡ್ಡೆಗಳು. ಉಳಿದದ್ದು 19. ಕೊಯ್ದ ಜಾಗಕ್ಕೆ ಬೂದಿ ಹಚ್ಚಿ ಎರಡು ದಿನ ನೆರಳಲ್ಲಿ ಒಣಗಿಸಿದೆ. ಇದೊಂದು ಕೆಲಸ ಸರಿ ಮಾಡಿದೆ.

ಮೇ 28: ನೆಟ್ಟದ್ದು

ಈ ವರ್ಷ ಮುಂಗಾರು ಬೇಗ. ಕೇರಳಕ್ಕೆ ವಾಡಿಕೆಯಂತೆ ಜೂನ್ 1ಕ್ಕೆ ಬರಬೇಕಾದ್ದು 2025ರಲ್ಲಿ ಮೇ 24ಕ್ಕೇ ಬಂತು. ಇಲ್ಲಿ ರೋಹಿಣಿ ಮಳೆಯೇ ಮುಗಿಲು ಹರಿದ ಹಾಗೆ ಹೊಡೆಯಿತು. ನೆಲದಲ್ಲಿ ನೆಟ್ಟರೆ ಕೊಳೆಯುತ್ತದೆ ಅಂತ ಚೀಲ ಹಿಡಿದೆ.

50 ಕಿಲೋದ ಹಳೇ ಗೊಬ್ಬರ ಚೀಲ 19, ತೊಳೆದು, ಬಾಯಿ ಮಡಚಿ ಒಂದು ಕಾಲು ಅಡಿ ಎತ್ತರ ಮಾಡಿದೆ. ಎರಡು ಬುಟ್ಟಿ ಕೆಂಪು ಮಣ್ಣಿಗೆ ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಮರಳು. ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ. ಗಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲೆ ಮಾಡಿ, ಮೇಲೆ 4 ಇಂಚು ಮಣ್ಣು. ಚೀಲದಿಂದ ಚೀಲಕ್ಕೆ ಒಂದೂವರೆ ಅಡಿ. ಅಡಿಕೆ ಹಾಳೆಯ ಚೂರಿಗೆ ಪೆನ್ಸಿಲಿನಲ್ಲಿ ಹೆಸರು ಬರೆದು ಚುಚ್ಚಿದೆ.

ಚೀಲದ ತಳಕ್ಕೆ ತೂತು ಎಷ್ಟು ಹಾಕಿದೆ? ಎರಡು. ಇದು ತಪ್ಪು ಎರಡು. ಅದು ಗೊತ್ತಾಗಿದ್ದು ಹದಿನೇಳು ದಿನದ ಮೇಲೆ.

ಜೂನ್ 6: ಕೆದಕಿದ್ದು

ಇದನ್ನು ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಒಂಬತ್ತು ದಿನ ಕಾದೆ. ದಿನಕ್ಕೆ ಮೂರು ಸಲ ಹೋಗಿ ನೋಡುತ್ತಿದ್ದೆ. ಒಂದು ಚೀಲದಲ್ಲೂ ಏನೂ ಇಲ್ಲ. ಕಣ್ಣು ಅಂದುಕೊಂಡದ್ದು ಕಣ್ಣಲ್ಲವೇನೋ, ಕೆಳಗೆ ಮಾಡಿ ಇಟ್ಟೆನೇನೋ, ಇಲಿ ತಿಂದಿತೇನೋ. ಒಂಬತ್ತನೇ ದಿನ ಸಂಜೆ ಪೂಜೆ ಮುಗಿಸಿ, ಉಟ್ಟ ಪಂಚೆಯಲ್ಲೇ ಹೋಗಿ ಒಂದು ಚೀಲ ಕೈಯಲ್ಲಿ ಕೆದಕಿದೆ. ಚಿಗುರು ಬಂದಿತ್ತು! ದಪ್ಪ, ನೇರಳೆ ಬಣ್ಣ, ಪೆನ್ಸಿಲ್ ತುದಿಯ ಹಾಗೆ. ಖುಷಿಗೆ ಇನ್ನೊಂದು ಕೆದಕಿದೆ. ಹಾಗೇ ಐದು. ಮೂರನೆಯದರಲ್ಲಿ ಬೆರಳಿಗೆ ಏನೋ ಟಕ್ ಅಂತು. ಚಿಗುರು ಮುರಿದು ಕೈಗೆ ಬಂತು. ಮುಂದಿನ ಎರಡರಲ್ಲೂ ಹಾಗೇ. ಮೊದಲ ಮುರಿತದ ಮೇಲೂ ಯಾಕೆ ನಿಲ್ಲಿಸಲಿಲ್ಲ ಅಂದರೆ ಉತ್ತರ ಇಲ್ಲ.

ಮುರಿದ ಮೂರರಲ್ಲಿ ಒಂದು ಪಕ್ಕದ ಇನ್ನೊಂದು ಕಣ್ಣಿನಿಂದ ಚಿಗುರಿತು. ಎರಡು ಹೋದವು. ಉಳಿದದ್ದು 17.

ರಾತ್ರಿ ನಿದ್ದೆ ಬರಲಿಲ್ಲ. ಗಡ್ಡೆ ಹೋಯಿತು ಅಂತಲ್ಲ. 40 ವರ್ಷದಿಂದ ದಿನಾ ದೇವರ ಮುಂದೆ ಕೂತು "ನೀನೇ ಗತಿ" ಅನ್ನುತ್ತೇನೆ. ಎದ್ದು ಬಂದವನು ಹತ್ತೇ ನಿಮಿಷಕ್ಕೆ ಮಣ್ಣು ಕೆದಕಿದೆ. ನಮ್ಮೂರ ಹತ್ತಿರ ಶಾಲ್ಮಲೆ ಹೊಳೆಯಲ್ಲಿ ಸಹಸ್ರಲಿಂಗ ಇದೆ. ಸೋಂದೆ ಅರಸರ ಕಾಲದಲ್ಲಿ ಹೊಳೆಯ ಬಂಡೆಗಳ ಮೇಲೆ ಕೆತ್ತಿಸಿದ ಲಿಂಗಗಳು. ಬೇಸಿಗೆಯಲ್ಲಿ ಕಾಣುತ್ತವೆ. ಮಳೆಗಾಲದಲ್ಲಿ ಕೆಂಪು ನೀರು ಮೇಲೆ ಹರಿಯುತ್ತದೆ, ಒಂದೂ ಕಾಣುವುದಿಲ್ಲ. ದಂಡೆಯ ಮೇಲೆ ನಿಂತು ಕೈ ಮುಗಿಯುತ್ತೇವೆ, ಲಿಂಗ ಇದೆಯೋ ಇಲ್ಲವೋ ಅಂತ ಯಾರೂ ಇಳಿದು ತಡಕುವುದಿಲ್ಲ. ಅಲ್ಲಿ ಆಗುವುದು ಇಲ್ಲಿ ನಾಲ್ಕು ಇಂಚು ಮಣ್ಣಿನ ಮುಂದೆ ಆಗಲಿಲ್ಲ.

ಬೆಳಿಗ್ಗೆ ಮಗಳಿಗೆ ಫೋನ್ ಮಾಡಿದೆ. "ಅಪ್ಪಯ್ಯ, ನಿನ್ನೆಯಿಂದ ಇದು ಐದನೇ ಸಲ. ಏನಾದ್ರೂ ಇದ್ರೆ ನಾವೇ ಹೇಳ್ತೇವೆ" ಅಂದಳು. ಮಣ್ಣಿನ ಕತೆ ಅವಳಿಗೆ ಹೇಳಲಿಲ್ಲ.

ಜೂನ್ 14: ಕೊಳೆ

ಚಿಗುರು ಒಂದೊಂದಾಗಿ ಮೇಲೆ ಬಂದವು, ನಾಲ್ಕು ಚೀಲ ಬಿಟ್ಟು. ಈ ಸಲ ಕೆದಕಲಿಲ್ಲ, ಮೂಗು ಹತ್ತಿರ ಒಯ್ದೆ. ಹುಳಿ ವಾಸನೆ. ಚೀಲ ಎತ್ತಿ ಓರೆ ಮಾಡಿದರೆ ಒಳಗಿನಿಂದ ನೀರು ಬುಳಬುಳ ಬಂತು. ನಾಲ್ಕೂ ಗಡ್ಡೆ ಬೆಂದ ಗೆಣಸಿನ ಹಾಗೆ ಮೆತ್ತಗಾಗಿದ್ದವು. ಉಳಿದದ್ದು 13.

ಉಳಿದ ಚೀಲಗಳ ರಿಪೇರಿ: ಕಬ್ಬಿಣದ ಸರಳು ಒಲೆಯಲ್ಲಿ ಕಾಯಿಸಿ, ಬುಡದಿಂದ ಎರಡು ಇಂಚು ಎತ್ತರದಲ್ಲಿ ಸುತ್ತಲೂ ಬೆರಳು ಗಾತ್ರದ 12 ತೂತು. ಚೀಲವನ್ನು ನೆಲದ ಮೇಲೆ ಇಡಲಿಲ್ಲ, ಎರಡು ಅಡಿಕೆ ದಬ್ಬೆಯ (ಅಡಿಕೆ ಮರ ಸೀಳಿದ ಪಟ್ಟಿ) ಮೇಲೆ ಇಟ್ಟೆ, ಕೆಳಗೆ ಗಾಳಿ ಆಡಲಿ ಅಂತ. ಇದಾದ ಮೇಲೆ ಒಂದೂ ಕೊಳೆಯಲಿಲ್ಲ. ಒಂದು ಗಂಟೆಯ ಕೆಲಸ. ಮೇ 28ಕ್ಕೇ ಮಾಡಬಹುದಿತ್ತು.

ಜೂನ್ 16 – 25: ಚಪ್ಪರ, ಎರಡು ಸಲ

15×12 ಅಡಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, 640 ರೂಪಾಯಿ. ತಂತಿ ಒಂದು ಕಿಲೋ, 95. ಅಡಿಕೆ ಮರದ ಕಂಬ ಆರು, ತೋಟದ್ದೇ. ಎಲ್ಲ ಕಂಬವನ್ನೂ 6 ಅಡಿಗೆ ಸಮ ಮಾಡಿ ಕಟ್ಟಿದೆ. ನೋಡಲು ಮದುವೆ ಚಪ್ಪರದ ಹಾಗೆ ಚೆಂದ ಇತ್ತು. ನೀರು ಯಾವ ಕಡೆ ಇಳಿಯಬೇಕು ಅನ್ನುವುದನ್ನು ಯೋಚನೆ ಮಾಡಿರಲಿಲ್ಲ.

ಜೂನ್ 23ಕ್ಕೆ ಮೊಮ್ಮಗಳು ಹುಟ್ಟಿದಳು. 24ರ ರಾತ್ರಿ ಆರಿದ್ರಾ ಮಳೆ ಗಾಳಿ ಕಟ್ಟಿಕೊಂಡು ಬಂತು. ಎರಡು ಗಂಟೆಗೆ ಹೊರಗೆ ದಢಾರ್ ಅಂತ ಸದ್ದು. ಪ್ಲಾಸ್ಟಿಕ್ ನಡುವೆ ಜೋತು, ಎಮ್ಮೆ ಹೊಟ್ಟೆಯಷ್ಟು ನೀರು ತುಂಬಿಕೊಂಡು, ಎರಡು ಕಂಬದ ಸಮೇತ ಗಿಡಗಳ ಮೇಲೆ ಕೂತಿತ್ತು. ಎರಡು ಗಿಡ ಅರ್ಧಕ್ಕೆ ಮುರಿದಿದ್ದವು. ಬ್ಯಾಟರಿ ಹಿಡಿದು ನಿಂತು ನಾನು ಮೊದಲು ನೋಡಿದ್ದು ಹೆಸರಿನ ಚೂರುಗಳನ್ನು. ಆಯಿ ಡೇರೆಗೆ ಏನಾಯಿತು ಅಂತ. ಆ ಹೆಸರಿನ ಚೂರು ಎಲ್ಲೂ ಸಿಗಲಿಲ್ಲ. ಪೆನ್ಸಿಲ್ ಅಕ್ಷರ ಮಳೆಗೆ ಅರ್ಧಕ್ಕರ್ಧ ಅಳಿಸಿಹೋಗಿತ್ತು. ನಾಳೆ ನೋಡೋಣ ಅಂದುಕೊಂಡೆ.

ಎರಡನೇ ಚಪ್ಪರ: ಹಿಂದಿನ ಕಂಬ ಏಳೂವರೆ ಅಡಿ, ಮುಂದಿನದು ಆರು. ಒಂದೂವರೆ ಅಡಿ ಇಳಿಜಾರು. ಅಡಿಗೊಂದು ದಬ್ಬೆ ಉದ್ದಕ್ಕೆ ಹಾಕಿ ಅದರ ಮೇಲೆ ಹಾಳೆ ಎಳೆದು ಕಟ್ಟಿದೆ. ಇವತ್ತಿಗೂ ನಿಂತಿದೆ. ಹೊಸ ಖರ್ಚು ಇಲ್ಲ.

ಜೂನ್ 27 – ಜುಲೈ 2: ಸಿಂಬಳದ ಹುಳ

ಬೆಳಿಗ್ಗೆ ಎದ್ದು ನೋಡಿದರೆ ಎಲೆಗಳು ಜರಡಿ. ರಾತ್ರಿ ಬ್ಯಾಟರಿ ಹಿಡಿದು ಹೋದೆ. ಎಲೆಯ ಅಡಿಗೆ, ಚೀಲದ ಮಡಿಕೆಯಲ್ಲಿ, ದಬ್ಬೆಯ ಕೆಳಗೆ ಸಿಂಬಳದ ಹುಳ, ಚಿಪ್ಪಿಲ್ಲದ ಬಸವನಹುಳದ ಜಾತಿ. ಜೊತೆಗೆ ಚಿಪ್ಪಿನ ಬಸವನಹುಳವೂ. ಒಂದು ರಾತ್ರಿ ಎಣಿಸಿದ್ದು 63.

ಬೂದಿ ಸುರಿದೆ. ಒಂದು ಎರಚಲು ಬಂದರೆ ಬೂದಿ ಗೊಜ್ಜಾಗುತ್ತದೆ, ಹುಳ ಅದರ ಮೇಲೇ ಹೋಗುತ್ತದೆ. ಉಪ್ಪು ಹಾಕಿದರೆ ಹುಳ ಸಾಯುತ್ತದೆ ಅಂತ ಯಾರೋ ಹೇಳಿದ್ದು ನೆನಪಾಗಿ ಎರಡು ಕಿಲೋ ಉಪ್ಪು ಚೀಲಗಳ ಸುತ್ತ ಸುರಿದೆ, 40 ರೂಪಾಯಿ. ತಪ್ಪು ಮೂರೋ ನಾಲ್ಕೋ, ಎಣಿಕೆ ಬಿಟ್ಟೆ. ಕೈ ಜಾಸ್ತಿ ಆಗಿ ಒಂದು ಚೀಲದ ಒಳಕ್ಕೇ ಬಿತ್ತು. ನಾಲ್ಕು ದಿನಕ್ಕೆ ಆ ಗಿಡದ ಎಲೆ ಅಂಚಿನಿಂದ ಸುಟ್ಟುಕೊಂಡು ಬಂತು, ವಾರಕ್ಕೆ ಗಿಡವೇ ಇಲ್ಲ. ಉಳಿದದ್ದು 12.

ಕೊನೆಗೆ ಕೆಲಸ ಮಾಡಿದ್ದು ಗೋಣಿಚೀಲ. ಸಂಜೆ ಒದ್ದೆ ಗೋಣಿ ಹಾಸಿ, ಅದರ ಕೆಳಗೆ ಎಲೆಕೋಸಿನ ಎಲೆ ಇಡಬೇಕು. ಬೆಳಿಗ್ಗೆ ಆರಕ್ಕೆ ಗೋಣಿ ಮಗುಚಿದರೆ ಸಭೆ ಸೇರಿರುತ್ತವೆ. ಆರಿಸಿ ಬಕೆಟ್‌ಗೆ ಹಾಕಿದರೆ ಆಯಿತು. ಮೂರು ಎಲೆಕೋಸಿಗೆ 75 ರೂಪಾಯಿ, ಬ್ಯಾಟರಿ ಸೆಲ್ಲಿಗೆ 60. ಕೊಲ್ಲಲು ಮನಸ್ಸು ಬರದೆ ಬಕೆಟ್ ಒಯ್ದು ಹಳ್ಳದ ಆಚೆ ಚೆಲ್ಲಿ ಬರುತ್ತಿದ್ದೆ. ನಮ್ಮ ತೋಟದ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ನೋಡಿ, "ನಿಮಗಿಂತ ಮೊದಲು ಅವೇ ಮನೆಗೆ ಬರ್ತವೆ, ಹೆಗಡೇರೆ" ಅಂದ.

ಜುಲೈ 3 – 6: ನಾನಿಲ್ಲದ ನಾಲ್ಕು ದಿನ

ಮೊಮ್ಮಗಳಿಗೆ ಹೆಸರಿಡುವುದಕ್ಕೆ ಬೆಂಗಳೂರಿಗೆ ಹೋದೆ. ಗೋಣಿ ಮಗುಚುವ ಕೆಲಸ ಕೆಳಗಿನ ಮನೆ ಅತ್ತಿಗೆಗೆ ಹೇಳಿ ಹೋದೆ. ಅಲ್ಲಿ ಮಗು ಅತ್ತ ಕೂಡಲೇ ನಾನು ಎದ್ದು ಹೋಗುತ್ತಿದ್ದೆ. ಇವಳು ಎರಡು ಸಲ ಸುಮ್ಮನಿದ್ದಳು, ಮೂರನೇ ಸಲ "ಅದು ತನ್ನಷ್ಟಕ್ಕೆ ಕೈಕಾಲು ಆಡಿಸ್ತಾ ಇದೆ. ನೀವು ಎತ್ತಿದ್ರೆ ಅಳೋದು ಕಲಿತದೆ. ಕೂತ್ಕಳಿ" ಅಂದಳು. ಕೂತೆ. ಐದು ನಿಮಿಷಕ್ಕೆ ಮಗು ನಿದ್ದೆ ಮಾಡಿತು.

ವಾಪಸ್ ಬಂದು ನೋಡಿದರೆ ಡೇರೆ ಒಂದು ಗೇಣು ಎದ್ದಿವೆ. ಅತ್ತಿಗೆ ಏನು ಮಾಡಿದಿರಿ ಅಂದರೆ, "ಎಂತದೂ ಇಲ್ಲ ಭಾವ, ಒಂದು ಸಲ ಬಂದು ಗೋಣಿ ಮಗುಚಿ ಹೋಗ್ತಿದ್ದೆ" ಅಂದರು. ನಾನು ದಿನಕ್ಕೆ ಮೂರು ಸಲ ಹೋಗಿ ಮಣ್ಣು ಸಡಿಲಿಸುವುದು, ದಬ್ಬೆ ಸರಿಸುವುದು, ಎಲೆ ಒರೆಸುವುದು ಮಾಡುತ್ತಿದ್ದೆ. ಅದು ಆರೈಕೆ ಅಂದುಕೊಂಡಿದ್ದೆ. ನನ್ನ ಚಡಪಡಿಕೆಗೆ ನಾನು ಕೊಟ್ಟುಕೊಂಡ ಔಷಧಿ ಇರಬೇಕು. ಅಂದಿನಿಂದ ದಿನಕ್ಕೆ ಒಂದೇ ಸಲ, ಬೆಳಿಗ್ಗೆ. ಫೋನೂ ಒಂದೇ ಸಲ. ಅಂದರೆ ಹೆಚ್ಚಿನ ದಿನ.

ಜುಲೈ 12: ಕುಡಿ ಚಿವುಟಿದ್ದು

ಮೂರು ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಕುಡಿ ಚಿವುಟಬೇಕು ಅಂತ ಇವಳ ಆದೇಶ. ನನಗೆ ಕೈ ಬರಲಿಲ್ಲ. ಇಷ್ಟು ಪಾಡು ಪಟ್ಟು ಬಂದ ಕುಡಿ. ಆದರೆ ಚಪ್ಪರ ಬಿದ್ದು ಮುರಿದಿದ್ದ ಎರಡು ಗಿಡ ನೋಡಿದೆ. ಮುರಿದ ಜಾಗದ ಕೆಳಗೆ ಒಂದೊಂದಕ್ಕೂ ನಾಲ್ಕು ಕವಲು ಒಡೆದು, ಉಳಿದವಕ್ಕಿಂತ ಗಟ್ಟಿಯಾಗಿ ನಿಂತಿದ್ದವು.

ಆದರೂ ಪೂರ್ತಿ ಧೈರ್ಯ ಬರಲಿಲ್ಲ. ಉಳಿದ ಹತ್ತರಲ್ಲಿ ಐದಕ್ಕೆ ಚಿವುಟಿದೆ, ಐದನ್ನು ಹಾಗೇ ಬಿಟ್ಟೆ. ಬಿಟ್ಟವು ಸರಸರ 5 ಅಡಿ ಹೋದವು. ಆಗಸ್ಟ್ ನಡುವಿನ ಗಾಳಿಗೆ ಅದರಲ್ಲಿ ಮೂರು, ದಬ್ಬೆಗೆ ಕಟ್ಟಿದ್ದರೂ, ಕಟ್ಟಿನ ಮೇಲ್ಗಡೆಗೆ ಬಾಗಿ ಸೀಳಿದವು. ಚಿವುಟಿದ್ದು ಒಂದೂ ಬೀಳಲಿಲ್ಲ. ಸೆಪ್ಟೆಂಬರ್ 15ರ ತನಕ ಎಣಿಸಿದ ಹೂವು ಒಟ್ಟು 37. ಅದರಲ್ಲಿ ಚಿವುಟಿದ ಮತ್ತು ಮುರಿದ ಏಳು ಗಿಡದಿಂದ 29, ಮುದ್ದಿನಿಂದ ಬಿಟ್ಟ ಐದರಿಂದ 8.

ಶಾಲೆಯಲ್ಲೂ ನಾನು ಹೀಗೇ ಇದ್ದೆ. ಜಾಣ ಹುಡುಗರಿಗೆ ಒಂದು ಮಾತೂ ಆಡುತ್ತಿರಲಿಲ್ಲ. ಅವರಲ್ಲಿ ಒಂದಿಬ್ಬರು ಮುಂದೆ ಹೇಗೆ ಸೀಳಿದರು ಅನ್ನುವುದು ನನಗೆ ಗೊತ್ತು. ಅದು ಇಲ್ಲಿಗೆ ಬೇಡ.

ಜುಲೈ 18: ಕೊಳೆ ಮದ್ದು

ಮಳೆ ಎರಡು ದಿನ ಬಿಡುವು ಕೊಟ್ಟಿತು. ತೋಟಕ್ಕೆ ಕೊನೆಗೌಡ ಬಂದು ಎರಡನೇ ಸಲದ ಬೋರ್ಡೋ, ಅಂದರೆ ಅಡಿಕೆಯ ಕೊಳೆ ರೋಗದ ಮದ್ದು, ಹೊಡೆದ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಡ್ರಮ್ಮಿನಲ್ಲಿ ಸ್ವಲ್ಪ ಉಳಿಯಿತು. ಹಾಳು ಮಾಡುವುದು ಯಾಕೆ ಅಂತ ಮರುದಿನ ಡೇರೆಗೆ ಹೊಡೆದೆ.

ಬೋರ್ಡೋ ಕದಡಿದ ದಿನವೇ ಮುಗಿಸಬೇಕು. ಹೊಡೆಯುವ ಮೊದಲು ಕಬ್ಬಿಣದ ಚಾಕು ಅದ್ದಿ ನೋಡಬೇಕು, ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಇದು ನನಗೆ ಹುಡುಗನಿದ್ದಾಗಿನಿಂದ ಗೊತ್ತು. ಅಡಿಕೆಗೆ ಯಾವತ್ತೂ ತಪ್ಪಿಸಿದ್ದಿಲ್ಲ. ಡೇರೆ ಅಲ್ವಾ, ಹೆಂಗಸರ ಗಿಡ ಅಂತ ತಾತ್ಸಾರ. ಐದು ಗಿಡದ ಎಲೆ ಕಂದು ಚುಕ್ಕೆ ಬಿದ್ದು ಸುಟ್ಟವು. ಸಾಯಲಿಲ್ಲ, ಎರಡು ವಾರ ಹಿಂದೆ ಬಿದ್ದವು.

ಜುಲೈ 20: ಆಯಿ ಡೇರೆ

ಮುಂದೂಡುತ್ತಾ ಬಂದಿದ್ದ ಲೆಕ್ಕ ಅವತ್ತು ಮಾಡಿದೆ. ಹಾಜರಿ ಪುಸ್ತಕ ತೆಗೆದು, ಯಾವ ಗೊಂಚಲಿನ ಯಾವ ತುಂಡು ಎಲ್ಲಿ ಹೋಯಿತು ಅಂತ ಒಂದೊಂದೇ ಗೀಟು ಹಾಕಿದೆ. ಆಯಿ ಗೊಂಚಲಿನಿಂದ ನಾಲ್ಕು ತುಂಡು ಮಾಡಿದ್ದೆ. ಎರಡು ಕುರುಡು. ಒಂದು ಕೆದಕಿ ಮುರಿದದ್ದು. ಒಂದು ಕೊಳೆತದ್ದು. ಅಲ್ಲಿಗೆ ಮುಗಿಯಿತು.

40 ವರ್ಷ ಈ ಮನೆಯಲ್ಲಿದ್ದ ಹೂವು. ಆಯಿ ಹಾಸಿಗೆ ಹಿಡಿದ ವರ್ಷವೂ ಇವಳು ಅದನ್ನು ಬಿಟ್ಟಿರಲಿಲ್ಲ. ನನ್ನ ಕೈಗೆ ಬಂದು ಎರಡು ತಿಂಗಳು ಉಳಿಯಲಿಲ್ಲ. ಅವಳಿಗೆ ಫೋನಿನಲ್ಲಿ ಹೇಳಲು ಹೋಗಿ, "ಎಲ್ಲ ಚೆನ್ನಾಗಿವೆ" ಅಂದೆ. 62 ವರ್ಷದವನು, ಗಡ್ಡೆಗೋಸ್ಕರ ಸುಳ್ಳು.

ಸಂಜೆ ಕೆಳಗಿನ ಮನೆಗೆ ಹೋದೆ. ಸುಮ್ಮನೆ ಹೋದದ್ದು. ಜಗಲಿಯಲ್ಲಿ ಕೂತು ಕಷಾಯ ಕುಡಿಯುವಾಗ ಕಣ್ಣಿಗೆ ಬಿತ್ತು. ಅತ್ತಿಗೆಯ ಅಂಗಳದ ಮೂಲೆಯಲ್ಲಿ, ಒಡೆದ ಕೊಡದಲ್ಲಿ ಒಂದು ಡೇರೆ. ಬೇಗ ನೆಟ್ಟಿದ್ದರು, ಮೊಗ್ಗಿಗೆ ಬಣ್ಣ ಬಂದಿತ್ತು. ಕಿತ್ತಳೆ.

"ಅದು ನಿಮ್ಮ ಆಯಿ ಕೊಟ್ಟದ್ದೇ ಭಾವ, ನಾನು ಮದುವೆಯಾಗಿ ಬಂದ ವರ್ಷ" ಅಂದರು ಅತ್ತಿಗೆ. "ಅವ್ರು ಯಾವಾಗಲೂ ಎರಡು ಮನೆಗೆ ಕೊಡ್ತಿದ್ರು. ಒಂದು ಮನೇಲಿ ಕೈ ತಪ್ಪಿದ್ರೆ ಇನ್ನೊಂದು ಮನೇಲಿ ಇರ್ಲಿ ಅಂತ. ನಿಮ್ಮ ಮನೇಲೂ ತಪ್ಪಬಹುದು ಅಂತ ಅವ್ರಿಗೆ ಗೊತ್ತಿತ್ತು ಕಾಣ್ತದೆ."

ಆಯಿ ಕೊಡುಗೈಯವಳು ಅಂತ ಊರಲ್ಲಿ ಹೆಸರು. ನಾನೂ ಹಾಗೇ ಹೇಳಿಕೊಂಡು ಬಂದಿದ್ದೆ. ಅವಳು ಕೊಟ್ಟದ್ದರ ಹಿಂದೆ ಇಂಥ ಲೆಕ್ಕ ಇತ್ತು ಅಂತ ಹೊಳೆದಿರಲಿಲ್ಲ. ತನ್ನ ಮನೆಯನ್ನು ನಂಬದೆ ಊರನ್ನು ನಂಬಿದ್ದಳು. ಹಾಗೆ ಅಂದರೆ ತಪ್ಪಾಗುತ್ತದೋ ಏನೋ. ಎರಡನ್ನೂ ಒಟ್ಟಿಗೆ ನಂಬಿದ್ದಳು.

ಅತ್ತಿಗೆ ನಾಲ್ಕು ಕುಡಿ ಕೊಯ್ದು ಕೊಟ್ಟರು. 3 ಇಂಚಿನದು, ಗೆಣ್ಣಿನ ಸ್ವಲ್ಪ ಕೆಳಗೆ ಕೊಯ್ದದ್ದು. ಕೆಳಗಿನ ಎಲೆ ತೆಗೆದು, ತೂತು ಮಾಡಿದ ತೆಂಗಿನ ಕರಟದಲ್ಲಿ ಬರೀ ಮರಳು ತುಂಬಿ ನೆಟ್ಟೆ. ಬಚ್ಚಲ ಕಿಟಕಿಯಲ್ಲಿ, ಬಿಸಿಲು ತಾಗದ ಬೆಳಕಿಗೆ ಇಟ್ಟೆ. ಬೇರು ಬಂತಾ ಅಂತ ಎತ್ತಿ ನೋಡಲಿಲ್ಲ. ಕರಟಕ್ಕೆ ಕೈ ಹೋದಾಗಲೆಲ್ಲ ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟಿದೆ. ನೀರು ಮಾತ್ರ ಯಾವಾಗಲೂ ಕುದಿಯುತ್ತಿತ್ತು. ಎರಡು ಕುಡಿ ಕಪ್ಪಾದವು. ಎರಡು, ಮೂರನೇ ವಾರಕ್ಕೆ ಹೊಸ ಎಲೆ ಬಿಟ್ಟವು. ಆಗಸ್ಟ್ 10ಕ್ಕೆ ಚೀಲಕ್ಕೆ ದಾಟಿಸಿದೆ. ಈಗ ಒಟ್ಟು 14.

ಆ ರಾತ್ರಿ ಇವಳಿಗೆ ನಿಜ ಹೇಳಿದೆ. "ಗೊತ್ತು" ಅಂದಳು. "ಅತ್ತಿಗೆ ಜುಲೈ 20ಕ್ಕೇ ಫೋನ್ ಮಾಡಿದ್ರು. ನೀವಾಗಿ ಯಾವಾಗ ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ಮೂರು ವಾರ ಕಾದಿದ್ದಾಳೆ. ಕೆದಕಿಲ್ಲ.

ಆಗಸ್ಟ್ 27: ಚೌತಿ

ಆಗಸ್ಟ್ ಮೊದಲ ವಾರದಿಂದ ಮೊಗ್ಗು. ತುದಿಯಲ್ಲಿ ಮೂರು ಮೊಗ್ಗು ಒಟ್ಟಿಗೆ ಬರುತ್ತವೆ, ನಡುವಿನದು ಬಿಟ್ಟು ಅಕ್ಕಪಕ್ಕದ್ದು ತೆಗೆದರೆ ಹೂವು ದೊಡ್ಡದಾಗುತ್ತದೆ. ಈ ಸಲ ಅಳುಕಿಲ್ಲದೆ ತೆಗೆದೆ.

ಚೌತಿ ದಿನಕ್ಕೆ ಸರಿಯಾಗಿ ಅರಳಿದ್ದು ಮೂರು. ಯಲ್ಲಾಪುರ ಮದುವೆಮನೆಯ ಕೆಂಪು ಎರಡು, ಡಾಕ್ಟರ ಹೆಂಡತಿಯ ಹಳದಿ ಒಂದು. ಗಣಪನ ಮೇಲೆ ಹಣ್ಣು ಕಾಯಿ ತೂಗಿಸುವ ಫಲಾವಳಿ ಕಟ್ಟಿ, ಕಾಡಿನಿಂದ ತಂದ ಗೌರಿ ಹೂ ತೂಗಿಸಿ, ಗಣಪನ ಎಡಬಲಕ್ಕೆ ಕೆಂಪು ಡೇರೆ ಇಟ್ಟೆ. ಪೂಜೆಗೆ ಬಂದ ಭಟ್ಟರು ನಗುತ್ತಾ, "ವಾಸನೆ ಇಲ್ಲದ ಪರದೇಶಿ ಹೂ ದೇವರಿಗೆ ಯಾಕೆ, ಅಂಗಳದಲ್ಲೇ ಚೆಂದ ಅಲ್ವಾ" ಅಂದರು. ಪರದೇಶಿ ನಿಜ. ಮೆಕ್ಸಿಕೋದ ಬೆಟ್ಟದ ಹೂವು, 1963ರಿಂದ ಅವರ ರಾಷ್ಟ್ರಪುಷ್ಪ. ಆದರೆ ಭಟ್ಟರು ಕೈಯಲ್ಲಿ ಹಿಡಿದಿದ್ದ ಚೆಂಡು ಹೂವಿನ ಮಾಲೆಯ ಮೂಲವೂ ಅದೇ ಮೆಕ್ಸಿಕೋ ಕಡೆ. ಗಣಪನಿಗೆ ಪ್ರೀತಿ ಅಂತ ತಟ್ಟೆ ತುಂಬಾ ಇಟ್ಟಿದ್ದ ಕೆಂಪು ದಾಸವಾಳಕ್ಕೆ ಎಲ್ಲಿದೆ ವಾಸನೆ? ಇಷ್ಟೂ ನಾಲಗೆ ತುದಿಗೆ ಬಂತು. ಹಬ್ಬದ ದಿನ, ಅವರಿಗೆ ಇನ್ನೂ ಆರು ಮನೆ ಇತ್ತು. ಹೇಳಲಿಲ್ಲ. ಮಂಗಳಾರತಿ ಆದ ಮೇಲೆ ನೋಡಿದರೆ ಅವರೇ ಹಳದಿಯದನ್ನೂ ಎತ್ತಿ ಗಣಪನ ಕಿರೀಟಕ್ಕೆ ಸಿಕ್ಕಿಸಿದ್ದರು.

ಫೋಟೋ ಕಳಿಸಿದೆ. ಇವಳ ಉತ್ತರ: "ಎಲೆ ಸುಟ್ಟದ್ದು ಕಾಣ್ತದೆ. ಹೂ ಚೆನ್ನಾಗಿದೆ."

ಸೆಪ್ಟೆಂಬರ್ 20: ಈಗಿನ ಸ್ಥಿತಿ

ಖರ್ಚು: ಪ್ಲಾಸ್ಟಿಕ್ 640, ತಂತಿ 95, ಬೇವಿನ ಹಿಂಡಿ 5 ಕಿಲೋಗೆ 200, ಉಪ್ಪು 40, ಎಲೆಕೋಸು 75, ಸೆಲ್ 60. ಒಟ್ಟು 1110 ರೂಪಾಯಿ. ಉಪ್ಪಿನದು ಪೂರ್ತಿ ದಂಡ.

ಬಾಕಿ ಕೆಲಸ: ಹೆಸರನ್ನು ಈ ಸಲ ಪೇಂಟಿನಲ್ಲಿ ಬರೆದು ಕಟ್ಟಬೇಕು. ಗಿಡ ಒಣಗಿದ ಮೇಲೆ ಜನವರಿಯಲ್ಲಿ ಗಡ್ಡೆ ತೆಗೆಯಬೇಕು, ಚಾಕು ನನ್ನ ಕೈಗೆ ಸಿಗದ ಹಾಗೆ ಅವಳು ನೋಡಿಕೊಳ್ಳುತ್ತಾಳಂತೆ.

ಆಯಿ ಡೇರೆ ಎರಡರಲ್ಲಿ ಒಂದಕ್ಕೆ ನೆಲ್ಲಿಕಾಯಿ ಗಾತ್ರದ ಮೊಗ್ಗಾಗಿದೆ. ಇನ್ನೊಂದು ಇನ್ನೂ ಗೇಣುದ್ದ. ಮಗಳಿಗೆ ಅದು ಬಾಲ್ಕನಿಗೆ ಬೇಕಂತೆ. ಬೆಂಗಳೂರಿನ ಐದನೇ ಮಹಡಿಯಲ್ಲಿ ಬದುಕುತ್ತದಾ ಅಂತ ಕೇಳಿದೆ. "ಎರಡು ಮನೆಗೆ ಕೊಡಬೇಕು ಅಂತ ನೀವೇ ಬರೆದಿಟ್ಟಿದ್ದೀರಲ್ಲ" ಅಂತ ಇವಳು ಹಿಂದಿನಿಂದ ಕೂಗಿದಳು. ಹಾಜರಿ ಪುಸ್ತಕದ ಫೋಟೋ ನಾನೇ ಕಳಿಸಿದ್ದು.

ಬುಡದ ಮಣ್ಣು ಉದುರದ ಹಾಗೆ ಅಡಿಕೆ ಹಾಳೆಯಲ್ಲಿ ಸುತ್ತಿ, ಬಾಳೆ ನಾರಿನಲ್ಲಿ ಕಟ್ಟಿದೆ. ರಾತ್ರಿ ಬಸ್ಸಿಗೆ ಹತ್ತುವಾಗ ಕಂಡಕ್ಟರ್ ಒಳಗೇನು ಅಂತ ಕೇಳಿದ. ಡೇರೆ ಅಂದೆ. ನಮ್ಮ ಕಡೆಯವನೇ ಇರಬೇಕು, ಯಾವ ಬಣ್ಣ ಅಂತ ಕೇಳಿದ. ಆದರೂ ಲಗೇಜ್ ಅಂತ 40 ರೂಪಾಯಿ ತಗೊಂಡ. ಒಟ್ಟು 1150.